ಬೈಬಲ್ ಪಾಠ ಹೇಳಿಕೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಂಡೇ ಸ್ಕೂಲಿಗೆ ಹೊಸದಾಗಿ ನಿಂತ ಹುಡುಗ ಹುಡುಗಿಯರು, ಮನೆಯಲ್ಲೇ ನಾಲ್ಕು ಜನರನ್ನು ಕೂಡಿಸಿಕೊಂಡು ಓದುವವರು, ಹಾಸ್ಟೆಲಿನ ಗೆಳೆಯರಿಗೆ ಹೇಳಿಕೊಡುವ ಕಾಲೇಜಿನವರು ನನ್ನನ್ನು ಕೇಳಿದ ಪ್ರಶ್ನೆಗಳಿವು. ನಾನು ಸಭಾಪಾಲಕಿಯಲ್ಲ. ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೆಥೋಡಿಸ್ಟ್ ಎಂಬ ಪ್ರೊಟೆಸ್ಟಂಟ್ ಸಭೆಯಲ್ಲಿ ಬೆಳೆದವಳು. ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಮೊದಲ ಐದು ವರ್ಷ ಹೇಳಿದ್ದು ಪಾಠ ಅಲ್ಲ, ಭಾಷಣ ಅಂತ ಈಗ ಅನಿಸುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಮಾರ್ಕನ ಸುವಾರ್ತೆಯಿಂದ. ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಅದು ಒಂದು. ಬರೀ 16 ಅಧ್ಯಾಯ. ಗಟ್ಟಿಯಾಗಿ ಓದಿದರೂ ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ಘಟನೆ ಮೇಲೆ ಘಟನೆ ಬರುವುದರಿಂದ ಕೇಳುವವರಿಗೆ ಬೇಸರವಿಲ್ಲ.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲಾಗಿ ಓದಿಸುತ್ತೇನೆ ಎಂದು ಹೊರಟವರನ್ನು ಬಹಳ ನೋಡಿದ್ದೇನೆ. ಆದಿಕಾಂಡ ಚೆನ್ನಾಗಿಯೇ ಸಾಗುತ್ತದೆ. ವಿಮೋಚನಕಾಂಡದಲ್ಲಿ ಸಮುದ್ರ ದಾಟುವವರೆಗೂ ಯಾರೂ ಮಿಸುಕುವುದಿಲ್ಲ. 25ನೇ ಅಧ್ಯಾಯಕ್ಕೆ ಬಂದು ಆರಾಧನೆಯ ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆ ಬಂತೋ, ಆಕಳಿಕೆ ಶುರು. ಯಾಜಕಕಾಂಡ ಮುಟ್ಟುವಷ್ಟರಲ್ಲಿ ಚಾಪೆಯ ಮೇಲೆ ನೀವೊಬ್ಬರೇ. ಆ ಪುಸ್ತಕಗಳು ಬೇಡ ಅಂತಲ್ಲ, ಹಸಿವು ಹುಟ್ಟಿದ ಮೇಲೆ ಬಡಿಸಿ.

ಯುವಕರದು ಇನ್ನೊಂದು ಹಟ: 'ಪ್ರಕಟನೆ ಓದೋಣ್ರಿ ಅಕ್ಕಾರ, 666 ಅಂದ್ರ ಏನದು?' ಯೆಹೆಜ್ಕೇಲ, ದಾನಿಯೇಲ ಎಂಬ ಹಳೆಯ ಪ್ರವಾದಿಗಳ ಪರಿಚಯವೇ ಇಲ್ಲದವನಿಗೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಕೊಟ್ಟರೆ ಅವನು ಅದರಲ್ಲಿ ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನೇ ಓದುತ್ತಾನೆ. ಮಾರ್ಕ ಮುಗಿದ ಮೇಲೆ ಸಣ್ಣ ಪುಸ್ತಕಗಳನ್ನು ಹಿಡಿಯಿರಿ. ರೂತಳು 4 ಅಧ್ಯಾಯ, ಯೋನನೂ 4.

ಪಾಠ ಹೇಗೆ ನಡೆಸಬೇಕು? ನಾನು ಏನು ಮಾತಾಡಲಿ?

ಮೊದಲ ಹತ್ತು ನಿಮಿಷ ಏನೂ ಮಾತಾಡಬೇಡಿ. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ನಾನು ಮಾಡುವುದು ಇಷ್ಟು. ಓದಬೇಕಾದ ಭಾಗವನ್ನು ದೊಡ್ಡ ಅಕ್ಷರದಲ್ಲಿ ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ ಕೊಡುತ್ತೇನೆ. ಯಾರು ಯಾರು ಬರುತ್ತಾರೆ, ಯಾವ ಮಾತು ಎರಡು ಸಲ ಬಂದಿದೆ, ಯಾವುದು ವಿಚಿತ್ರ ಅನಿಸಿತು, ಇವುಗಳಿಗೆ ಗೆರೆ ಎಳೆಯಿರಿ ಅನ್ನುತ್ತೇನೆ. ಅರ್ಥ ಕೇಳುವುದಿಲ್ಲ. ಕಂಡದ್ದನ್ನು ಮಾತ್ರ ಕೇಳುತ್ತೇನೆ.

ಒಮ್ಮೆ ಮಾರ್ಕ 10ನೇ ಅಧ್ಯಾಯದ ಕುರುಡ ಬಾರ್ತಿಮಾಯನ ಕಥೆ ತೆಗೆದುಕೊಂಡಿದ್ದೆ. ಹಾಳೆಯಲ್ಲಿ ಜಾಗ ಉಳಿದಿತ್ತು ಅಂತ ಅದರ ಹಿಂದಿನ ಭಾಗವನ್ನೂ ಹಾಕಿಸಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ಕಡೆ ಗೆರೆ ಎಳೆದು ಕೈ ಎತ್ತಿದಳು: 'ಟೀಚರ್, ಇಲ್ಲಿ ಯಾಕೋಬ ಯೋಹಾನರಿಗೂ ಏನ್ ಮಾಡ್ಲಿ ಅಂತ ಕೇಳ್ಯಾನ. ಕುರುಡಗೂ ಅದೇ ಕೇಳ್ಯಾನ.' ನೋಡಿದೆ. 36ನೇ ವಚನ, 51ನೇ ವಚನ. ಯೇಸುವಿನ ಪ್ರಶ್ನೆ ಒಂದೇ. ಜೊತೆಗೇ ತಿರುಗಿದ ಶಿಷ್ಯರು ಬಲಗಡೆ ಎಡಗಡೆ ಕೂಡಲು ಜಾಗ ಕೇಳಿದರು. ದಾರಿ ಬದಿಯ ಭಿಕ್ಷುಕ ಕಣ್ಣು ಕೇಳಿದ. ಆ ಅಧ್ಯಾಯವನ್ನು ನಾನು ಹತ್ತಾರು ಸಲ ಪಾಠ ಮಾಡಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಅಂದು ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮೂರು ಅಂಶ ಚೀಲದಲ್ಲೇ ಉಳಿದವು. ಉಳಿದ ಹೊತ್ತೆಲ್ಲ ಮಕ್ಕಳು ಒಂದೇ ವಿಷಯ ಜಗಳಾಡಿದರು: ಯಾರು ನಿಜವಾಗಿ ಕುರುಡರು?

ಹಾಗಂತ ತಯಾರಿ ಬೇಡವೆಂದಲ್ಲ. ಬಾಯಿ ಮುಚ್ಚಿಕೊಂಡು ಕೂರಬೇಕಾದರೆ ಮಾತಾಡುವವನಿಗಿಂತ ಹೆಚ್ಚು ಓದಿರಬೇಕು. ಹುಡುಗರು ಎತ್ತ ಹೋದರೂ ನಿಮಗೆ ದಾರಿ ಗೊತ್ತಿರಬೇಕಲ್ಲ. ಬುಧವಾರಕ್ಕೇ ಓದಲು ಶುರು ಮಾಡಿ, ದಿನಕ್ಕೊಮ್ಮೆ. ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಎರಡೂ ಓದಿ. ಅಧ್ಯಾಯಗಳ ವಿಂಗಡಣೆ ಮೂಲದಲ್ಲಿ ಇರಲಿಲ್ಲ. ಈಗಿನ ಅಧ್ಯಾಯಗಳು 13ನೇ ಶತಮಾನದವು, ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು 1551ರವು. ಅನುಮಾನವಿದ್ದರೆ ಆದಿಕಾಂಡ ನೋಡಿ: ಸೃಷ್ಟಿಯ ಆರು ದಿನ 1ನೇ ಅಧ್ಯಾಯದಲ್ಲಿ, ಏಳನೇ ದಿನ 2ನೇ ಅಧ್ಯಾಯದಲ್ಲಿ. ಅಧ್ಯಾಯ ಮುಗಿಯಿತೆಂದು ಪುಸ್ತಕ ಮುಚ್ಚಿದರೆ ದೇವರ ವಿಶ್ರಾಂತಿಯೇ ತಪ್ಪಿಹೋಗುತ್ತದೆ.

ನಮ್ಮ ಕಡೆಯ ಉದಾಹರಣೆ ಎಷ್ಟು ಕೊಡಬಹುದು?

ಬೇಕಾದಷ್ಟು ಕೊಡಿ. ಆದರೆ ನಮ್ಮ ಹೊಲ ಅವರ ಹೊಲದ ಹಾಗೆ ಇಲ್ಲದ ಜಾಗವನ್ನೂ ತೋರಿಸಿ.

ಬಿತ್ತುವವನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಹೇಳುವಾಗ ನಾನು ಸಿಕ್ಕಿಬಿದ್ದದ್ದು ಹೀಗೆ. ಬಣ್ಣದ ಚಾರ್ಟ್ ಮಾಡಿಕೊಂಡು ಹೋಗಿದ್ದೆ: ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ. ಜೇವರ್ಗಿ ಕಡೆಯ ಒಕ್ಕಲಿಗರ ಹುಡುಗ ಎದ್ದು ನಿಂತ. 'ಅಂವಗ ಬಿತ್ತಾಕ ಬರ್ತಿರಲಿಲ್ಲೇನ್ರಿ? ದಾರ್ಯಾಗ ಯಾರರ ಬೀಜ ಚೆಲ್ತಾರೇನು?' ಕ್ಲಾಸೇ ನಕ್ಕಿತು. ಅವನು ಕೇಳಿದ್ದು ಸರಿ. ನಮ್ಮಲ್ಲಿ ಕೂರಿಗೆ ಹೂಡಿ ಬಿತ್ತುತ್ತಾರೆ. ಜೋಳವಾಗಲಿ ತೊಗರಿಯಾಗಲಿ ಸಾಲು ಬಿಟ್ಟು ಕಾಳು ಬೀಳುವುದಿಲ್ಲ. ಈ ಸಾಮ್ಯದ ರೈತ ಬಿತ್ತುವುದು ಕೈಯಿಂದ ಚೆಲ್ಲಿ. ಹಾಗೆ ಚೆಲ್ಲಿದಾಗ ಹೊಲದ ನಡುವಿನ ಕಾಲುದಾರಿಗೂ ನಾಲ್ಕು ಕಾಳು ಹಾರುತ್ತವೆ. ಅಷ್ಟು ಹೇಳಿದ ಮೇಲೆ ಹುಡುಗನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ, ಯಾಕೆಂದರೆ ಅವನ ಪ್ರಶ್ನೆಯೇ ಪಾಠದ ಬಾಗಿಲಾಗಿತ್ತು: ಎಲ್ಲಿ ಬೀಳುತ್ತದೆಂದು ಲೆಕ್ಕವಿಡದೆ ಚೆಲ್ಲುವ ಈತ ಎಂಥವನು? ನಾನು ಚಾರ್ಟ್ ತೋರಿಸುವ ಅವಸರದಲ್ಲಿ ಆ ಬಾಗಿಲು ಮುಚ್ಚಿಬಿಟ್ಟೆ.

ಬಂಡೆಯ ನೆಲವನ್ನು ಮಾತ್ರ ನಮ್ಮವರಿಗೆ ಯಾರೂ ವಿವರಿಸಬೇಕಿಲ್ಲ. ಶಹಾಬಾದ್, ಸೇಡಂ ಕಡೆ ಗಣಿಯಲ್ಲಿ ದುಡಿಯುವವರ ಮಕ್ಕಳನ್ನು ಕೇಳಿ. ಗೇಣು ಮಣ್ಣಿನ ಕೆಳಗೆ ಫರಸಿ ಇದ್ದರೆ ಸಸಿ ಮೊದಲು ಜೋರಾಗಿ ಎದ್ದು ಆಮೇಲೆ ಒಣಗುವುದನ್ನು ಅವರೇ ನಿಮಗೆ ಹೇಳುತ್ತಾರೆ.

ಹುಳಿಹಿಟ್ಟಿನದು ತಮಾಷೆ. ಯೆಹೂದ್ಯರು ಪಸ್ಕ ಹಬ್ಬದಲ್ಲಿ ಹುಳಿ ಇಲ್ಲದ ರೊಟ್ಟಿ ತಿನ್ನುತ್ತಿದ್ದರು ಅಂದರೆ ಜೋಳದ ರೊಟ್ಟಿ ತಿನ್ನುವ ಮಗು ಕೇಳುತ್ತದೆ: 'ಹಂಗಂದ್ರ ನಮ್ಮನ್ಯಾಗ ದಿನಾ ಪಸ್ಕ ಏನ್ರಿ?' ರೊಟ್ಟಿ ಹಿಟ್ಟಿಗೆ ಹುಳಿ ಹಾಕುವುದನ್ನೇ ಕಾಣದವರಿಗೆ ಹುಳಿ ಎಲ್ಲವನ್ನೂ ವ್ಯಾಪಿಸುವುದು ಹೇಗೆ ಅರ್ಥವಾಗಬೇಕು? ನಾನ್ ಭಟ್ಟಿಯ ಹಿಟ್ಟು ತೋರಿಸಿ, ಇಲ್ಲವೇ ರಾತ್ರಿ ಇಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆಯಿಂದ ಉಕ್ಕಿದ್ದನ್ನು ನೆನಪಿಸಿ. ಪರಲೋಕರಾಜ್ಯ ಹುಳಿಹಿಟ್ಟಿನ ಹಾಗೆ ಅನ್ನುವ ಸಾಮ್ಯ ಮತ್ತಾಯ 13ರಲ್ಲಿದೆ. ಅದರಲ್ಲಿ ಹೆಂಗಸೊಬ್ಬಳು ಹುಳಿ ಕಲಸಿದ್ದು ಮೂರು ಅಳತೆ ಹಿಟ್ಟಿಗೆ. ಹೆಚ್ಚುಕಡಿಮೆ ನೂರು ಜನರ ಊಟಕ್ಕಾಗುವಷ್ಟು. ದಿನಾ ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ಹೇಳಿ ನೋಡಿ, 'ಯವ್ವಾ! ಒಬ್ಬಾಕೀನ?' ಅನ್ನುತ್ತಾರೆ.

ಇನ್ನು ರೂತಳ ಕಥೆ. ಅದು ಶುರುವಾಗುವುದೇ ಗುಳೆಯಿಂದ. ಬೇತ್ಲೆಹೇಮ್ ಅಂದರೆ ಹೀಬ್ರೂವಿನಲ್ಲಿ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲೇ ಬರ ಬಿದ್ದು ಒಂದು ಸಂಸಾರ ಪರದೇಶವಾದ ಮೋವಾಬಿಗೆ ಹೊರಡುತ್ತದೆ, ಹತ್ತು ವರ್ಷದ ಮೇಲೆ ಗಂಡಸರನ್ನೆಲ್ಲ ಮಣ್ಣು ಮಾಡಿ ಹೆಂಗಸರು ಉಳಿಯುತ್ತಾರೆ. ಅವರಲ್ಲಿ ಮೋವಾಬಿನ ಸೊಸೆ ರೂತಳೂ ಒಬ್ಬಳು. ತಾಂಡಾದಿಂದ ಪುಣೆ, ಮುಂಬೈಗೆ ದುಡಿಯಲು ಹೋಗಿ ಬಂದವರ ಮುಂದೆ ಇದನ್ನು ಓದಿದರೆ ವಿವರಣೆಯೇ ಬೇಡ. ಎರಡನೇ ಅಧ್ಯಾಯದ 'ಹಕ್ಕಲು' ಎಂಬ ಮಾತು ಪೇಟೆಯ ಮಕ್ಕಳಿಗೆ ಗೊತ್ತಿಲ್ಲ, ಹಳ್ಳಿಯ ಅಜ್ಜಿಯರಿಗೆ ಗೊತ್ತು. ಕೊಯ್ದ ಹೊಲದಲ್ಲಿ ಉದುರಿದ ತೆನೆ ಆರಿಸುವುದು. ರೂತಳು ಮಾಡಿದ್ದು ಅದನ್ನೇ. ಯಾಜಕಕಾಂಡ 19ರಲ್ಲಿ ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ್ದನ್ನು ಬಡವರಿಗೂ ಪರದೇಶದವರಿಗೂ ಬಿಡಿ ಎಂಬ ಕಟ್ಟಳೆ ಇದೆ. ಅದನ್ನು ಇಲ್ಲಿ ತಂದು ಜೋಡಿಸಿ. ಆಗ ಯಾಜಕಕಾಂಡ ಕೂಡ ಒಮ್ಮೆಲೇ ಜೀವ ತಳೆಯುತ್ತದೆ.

ಹಳೆಯ ಅನುವಾದದ ಕನ್ನಡ ಮಕ್ಕಳಿಗೆ ತಿಳಿಯುವುದಿಲ್ಲ. ಏನು ಮಾಡಲಿ?

ಎರಡು ಅನುವಾದ ಇಟ್ಟುಕೊಳ್ಳಿ. ಸಭೆಯಲ್ಲಿ ಓದುವ ‘ಸತ್ಯವೇದವು’ ಕಿವಿಗೆ ಬೇಕು, ಸರಳ ಅನುವಾದ ತಿಳಿವಳಿಕೆಗೆ ಬೇಕು. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು ನಮಗೆ ದೂರವಲ್ಲದ ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರ ಕಾಲದಲ್ಲಿ, 1831ರ ಹೊತ್ತಿಗೆ. ಆಮೇಲೆ ಬೇಕಾದಷ್ಟು ತಿದ್ದುಪಡಿ ಆಗಿದೆ, ಆದರೂ ಆ ಗತ್ತು ಹೋಗಿಲ್ಲ. 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಎಂಬ 23ನೇ ಕೀರ್ತನೆಯ ಸಾಲನ್ನು ಸರಳ ಮಾಡಲು ಹೋದರೆ ನಾಲಿಗೆಯ ಮೇಲಿನ ರುಚಿ ಹೋಗುತ್ತದೆ. ಕೆಲವು ಅನುವಾದಗಳಲ್ಲಿ 'ಕುರಿಗಾಹಿ' ಎಂದಿದೆ. ಯಾದಗಿರಿ ಕಡೆಯ ಕುರುಬರ ಹುಡುಗನೊಬ್ಬ ಹಳೆಯದನ್ನೇ ಹಿಡಿದುಕೊಂಡ, 'ನಮ್ಮ ಹೆಸರದ ಅದರಾಗ' ಅಂತ. ಕಂಬಳಿ ಹೊದ್ದು ರಾತ್ರಿ ಹಟ್ಟಿ ಕಾಯುವ ಅಪ್ಪನನ್ನು ಕಂಡವನು ಅವನು. ಆ ಕೀರ್ತನೆಯ ಕೋಲು, ಕಣಿವೆ, ನೀರು ಏನೆಂದು ಆವತ್ತು ನಾವೆಲ್ಲ ಅವನಿಂದ ಕೇಳಿದೆವು.

ಕಷ್ಟದ ಪದಗಳನ್ನು ಒಂದೊಂದಾಗಿ ಬಿಡಿಸಿ. 'ಸುಂಕದವನು' ಅಂದಾಗ ಈಗಿನವರು ಟೋಲ್ ನಾಕಾ ನೆನೆಯುತ್ತಾರೆ. ಪರರ ಆಳ್ವಿಕೆಯ ಪರವಾಗಿ ತನ್ನವರಿಂದಲೇ ವಸೂಲಿ ಮಾಡುವವನು ಅಂತ ಹೇಳಿ. 'ಫರಿಸಾಯ', ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು, ಇನ್ನೂ ಮೋಸದ ಪದ. ಸಂಡೇ ಸ್ಕೂಲಿನಲ್ಲಿ ಬೆಳೆದವರಿಗೆ ಅದು ಖಳನಾಯಕನ ಹೆಸರು. ಆದರೆ ಆ ಕಾಲದ ಜನಕ್ಕೆ ಅವನು ಮರ್ಯಾದಸ್ಥ, ಉಪವಾಸ ಮಾಡುವವ, ದಶಮಾಂಶ ಕೊಡುವವ. ಅಷ್ಟು ತಿಳಿಯದಿದ್ದರೆ, ದೇವರು ಮೆಚ್ಚಿದ್ದು ಫರಿಸಾಯನನ್ನಲ್ಲ, ಸುಂಕದವನನ್ನು ಎಂಬ ಲೂಕ 18ರ ಸಾಮ್ಯ ಕೇಳಿ ಯಾರೂ ಬೆಚ್ಚುವುದಿಲ್ಲ.

ಗುಂಪಿನಲ್ಲಿ ಓದಲು ಬಾರದವರು ಇದ್ದಾರೆ.

ಇದ್ದೇ ಇರುತ್ತಾರೆ. ಸರದಿಯಂತೆ ಒಬ್ಬೊಬ್ಬರಿಂದ ಒಂದೊಂದು ವಚನ ಓದಿಸುವ ಅಭ್ಯಾಸವನ್ನು ಇವತ್ತೇ ಬಿಡಿ. ಎಂಟನೇ ತರಗತಿಯ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿ ತನ್ನ ಸರದಿ ಬಂದಾಗ 'ನೆಬೂಕದ್ನೆಚ್ಚರ' ಎಂಬಲ್ಲಿ ಸಿಕ್ಕಿಕೊಂಡ. ಹಿಂದೆ ಯಾರೋ ಕಿಸಕ್ಕೆಂದರು. ನಾನು ಗದರಿದೆ, ಅದರಿಂದ ಇನ್ನಷ್ಟು ಅವಮಾನವಾಯಿತು. ಮುಂದಿನ ಭಾನುವಾರ ಅವನು ಬರಲಿಲ್ಲ. ಮನೆಗೆ ಹೋದೆ, ತಾಯಿ 'ಬರ್ತಾನ್ರಿ' ಅಂದಳು. ಬರಲೇ ಇಲ್ಲ. ಈಗ ನಾನೇ ಓದುತ್ತೇನೆ, ಅಥವಾ ಇಷ್ಟವಿದ್ದವರು ಹಿಂದಿನ ದಿನವೇ ಓದಿ ತಯಾರಾಗಿ ಬರುತ್ತಾರೆ.

ಓದಲು ಬಾರದ ಹೆಂಗಸರಿಗೆ ನೆನಪು ಗಟ್ಟಿ ಇರುತ್ತದೆ. ಕಥೆಯನ್ನು ಎರಡು ಸಲ ಹೇಳಿ, ಮೂರನೇ ಸಲ ಅವರೇ ಹೇಳಲಿ. ತಪ್ಪಿದ ಕಡೆ ಪಕ್ಕದವಳು ತಿದ್ದುತ್ತಾಳೆ. ನೀವು ತಿದ್ದುವುದಕ್ಕಿಂತ ಅದು ಸಾವಿರ ಪಾಲು ಒಳ್ಳೆಯದು.

ಕಂಠಪಾಠ ಬೇಕೇ?

ಬೇಕು, ಆದರೆ ಬಹುಮಾನದ ಓಟವಾಗಿ ಅಲ್ಲ. ವಚನ ಹೇಳು ಅಂದರೆ ಅರ್ಧ ಕ್ಲಾಸು 'ಯೇಸು ಕಣ್ಣೀರು ಬಿಟ್ಟನು' ಅನ್ನುತ್ತದೆ, ಯೋಹಾನ 11:35, ಚಿಕ್ಕದಲ್ಲವೇ! ನಾನು ಬೈಯುವುದಿಲ್ಲ. 'ಯಾರ ಮನ್ಯಾಗ? ಯಾಕ ಅತ್ತ?' ಅಂತ ಕೇಳುತ್ತೇನೆ. ಸತ್ತ ಗೆಳೆಯ ಲಾಜರನ ಇಡೀ ಅಧ್ಯಾಯ ಹೇಳಿಸಿದ ಮೇಲೆ ಆ ಮೂರು ಪದ ಚಿಕ್ಕದಾಗಿ ಉಳಿಯುವುದಿಲ್ಲ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ?

'ನನಗೆ ಗೊತ್ತಿಲ್ಲ, ನೋಡಿ ಹೇಳ್ತೀನಿ' ಅನ್ನಿ. ಮುಂದಿನ ವಾರ ಮರೆಯದೆ ಹೇಳಿ. ಮೊದಲ ಮನುಷ್ಯ ಆದಾಮನ ಮಗ ಕಾಯಿನನ ಹೆಂಡತಿ ಎಲ್ಲಿಂದ ಬಂದಳು ಎಂಬುದು ಪ್ರತಿ ವರ್ಷವೂ ಬರುವ ಪ್ರಶ್ನೆ. ಆದಾಮನಿಗೆ ಬೇರೆ ಗಂಡು ಹೆಣ್ಣು ಮಕ್ಕಳೂ ಇದ್ದರೆಂದು ಆದಿಕಾಂಡ 5:4 ಹೇಳುತ್ತದೆ. ಅವಳ ಹೆಸರನ್ನಾಗಲಿ ಮನೆತನವನ್ನಾಗಲಿ ಹೇಳುವುದಿಲ್ಲ. ಅಷ್ಟೇ ಹೇಳಿ ನಿಲ್ಲಿಸಿ. ಪುಸ್ತಕ ಸುಮ್ಮನಿರುವಲ್ಲಿ ನೀವು ಕಥೆ ಕಟ್ಟಿದರೆ, ಮಕ್ಕಳು ಮುಂದೆ ಕಾಲೇಜಿಗೆ ಹೋದಾಗ ನಿಮ್ಮ ಕಥೆಯ ಜೊತೆ ಪುಸ್ತಕವನ್ನೂ ಬಿಟ್ಟುಬಿಡುತ್ತಾರೆ. ಪ್ರಶ್ನೆ ಕೇಳುವವನನ್ನು 'ನಂಬಿಕೆ ಇಲ್ಲ ನಿನಗ' ಎಂದು ಬಾಯಿ ಮುಚ್ಚಿಸುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅನುಭವ ಮಂಟಪದ ನೆಲದವರು ನಾವು, ಕೂತು ಕೇಳುವುದು ಹೇಳುವುದು ನಮಗೆ ಹೊಸದೇ?

ಸಮಾರ್ಯದವನ ಕಥೆ ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಹೇಗೆ ಕಲಿಸುವುದು?

ದರೋಡೆಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ನೋಡಿಯೂ ದಾಟಿಹೋದರು, ಸಮಾರ್ಯದವನೊಬ್ಬ ಎತ್ತಿ ಉಪಚರಿಸಿದ, ಕಥೆ ಇಷ್ಟು. ಮೊದಲು 'ಒಳ್ಳೆಯ ಸಮಾರ್ಯದವನು' ಅನ್ನುವುದರಲ್ಲಿ 'ಒಳ್ಳೆಯ' ಎಂಬ ಪದ ತೆಗೆಯಿರಿ. ಅದು ತಲೆಬರಹದಲ್ಲಿದೆ, ಲೂಕ 10ರ ಕಥೆಯೊಳಗೆ ಇಲ್ಲ. ದಾರಿ ತೋರಿಸಿ: ಯೆರೂಸಲೇಮ್ ಗುಡ್ಡದ ಮೇಲೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಕೆಳಗೆ, ನಡುವೆ ಒಂದು ಕಿಲೋಮೀಟರಿನಷ್ಟು ಇಳಿತದ ನಿರ್ಜನ ದಾರಿ. ಯೆಹೂದ್ಯರಿಗೂ ಸಮಾರ್ಯದವರಿಗೂ ಮಾತುಕತೆ, ನೀರುನಿಡಿ ಇರಲಿಲ್ಲ ಎಂಬುದನ್ನು ಯೋಹಾನ 4ರಿಂದ ಓದಿಸಿ. ಆಮೇಲೆ ಒಂದೇ ಪ್ರಶ್ನೆ: ನಮ್ಮ ಊರಲ್ಲಾದರೆ ಅವನು ಯಾವ ಓಣಿಯವನು?

ಕೇಳಿ ಸುಮ್ಮನೆ ಕಾಯಿರಿ. ನಾನು ಈ ಪ್ರಶ್ನೆ ಕೇಳಿದಾಗ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಕೊನೆಗೆ ಹಿಂದೆ ಕೂತಿದ್ದ ಹುಡುಗಿ, 'ಟೀಚರ್, ನಮ್ಮ ಓಣಿಯವ' ಅಂದಳು. ಅವಳ ಓಣಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಪಕ್ಕದಲ್ಲಿ ಕೂತವಳ ಮನೆಯಲ್ಲಿ ಅವಳಿಗೆ ನೀರು ಕೊಡುವ ಲೋಟ ಬೇರೆ ಎಂಬುದೂ. ನಾನು ಅದರ ಮೇಲೆ ಏನೂ ಹೇಳಲಿಲ್ಲ, ಕಥೆಯನ್ನು ಇನ್ನೊಮ್ಮೆ ಓದಿದೆ.

ಬೇರೆ ಧರ್ಮದ ವಿದ್ಯಾರ್ಥಿಗಳು ಆಸಕ್ತಿಯಿಂದ ಬರುತ್ತಾರೆ. ಏನು ಗಮನಿಸಬೇಕು?

ಚಿಕ್ಕವರಾದರೆ ಮೊದಲು ತಂದೆತಾಯಿಯ ಒಪ್ಪಿಗೆ. ಮನೆಗೆ ಹೋಗಿ, ಚಹಾ ಕುಡಿದು, ಏನು ಓದಿಸುತ್ತೀರಿ ಎಂದು ನೇರವಾಗಿ ಹೇಳಿ. ನೋಟ್‌ಬುಕ್ಕು, ಬಟ್ಟೆ, ಫೀಸಿನ ಆಸೆ ತೋರಿಸಿ ಕರೆಯುವುದು ತಪ್ಪು, ಕಾನೂನಿಗಾಗಿ ಮಾತ್ರವಲ್ಲ, ಕಲಿಯುವವನ ಮರ್ಯಾದೆಗಾಗಿ. ಶಾಲೆಯ ವಿಷಯ ಕೇಳುವವರಿಗೆ: ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ; ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ, ಚಿಕ್ಕವರಾದರೆ ಪೋಷಕರ ಒಪ್ಪಿಗೆ ಬೇಕು. ಸಂವಿಧಾನದ 28ನೇ ವಿಧಿ ಓದಿಕೊಳ್ಳಿ.

ಮುಸ್ಲಿಂ ಗೆಳೆಯರಿಗೆ ಇಬ್ರಾಹಿಂ, ಯೂಸುಫ್, ಮೂಸಾ ಮೊದಲೇ ಗೊತ್ತು. ಆದಿಕಾಂಡ 37ರಿಂದ ಯೋಸೇಫನ ಕಥೆ ಓದುವಾಗ ಅವರು ತಮ್ಮ ಕಡೆಯ ಯೂಸುಫನನ್ನು ಹೇಳಲಿ, ಎರಡನ್ನೂ ಕೇಳುವುದು ಚೆಂದ. ಒಂದೇ ಇರುವಲ್ಲಿ ಒಂದೇ ಅನ್ನಿ. ಶಿಲುಬೆಯ ಮರಣದಂಥ ಬೇರೆಯಾದ ಕಡೆ ಬೇರೆ ಅಂತಲೇ ಹೇಳಿ. 'ಎಲ್ಲಾ ಒಂದೇ' ಎಂದು ಸವರಿಬಿಡುವುದು ಇಬ್ಬರಿಗೂ ಗೌರವವಲ್ಲ. ಇನ್ನೊಬ್ಬರ ದೇವರನ್ನು ಹಳಿದು ಪಾಠ ಮಾಡುವವರ ಜೊತೆ ನಾನು ವೇದಿಕೆ ಹಂಚಿಕೊಳ್ಳುವುದಿಲ್ಲ.

ನಮ್ಮದು 66 ಪುಸ್ತಕ, ಕ್ಯಾಥೊಲಿಕರದು 73. ಮಕ್ಕಳು ಕೇಳಿದರೆ?

ಹೊಸ ಒಡಂಬಡಿಕೆಯ 27 ಇಬ್ಬರಿಗೂ ಒಂದೇ. ಹಳೆಯ ಒಡಂಬಡಿಕೆ ನಮ್ಮಲ್ಲಿ 39, ಅವರಲ್ಲಿ 46. ನಾವು ಸುವಾರ್ತೆ ಅಂದರೆ ಅವರು ಶುಭಸಂದೇಶ ಅನ್ನುತ್ತಾರೆ. ಜಗಳಕ್ಕೆ ಕಾರಣವಿಲ್ಲ.

ಹಾಜರಿ ಒಮ್ಮೆಲೇ ಬೀಳುತ್ತದೆ, ಯಾಕೆ?

ಕ್ಯಾಲೆಂಡರಿನ ಜೊತೆ ಹೊಲವನ್ನೂ ನೋಡಿ. ಜೂನ್‌ನಲ್ಲಿ ಬಿತ್ತನೆ, ಡಿಸೆಂಬರ್ ಜನವರಿಯಲ್ಲಿ ತೊಗರಿ ರಾಶಿ. ಆಗ ದೊಡ್ಡ ಹುಡುಗರು ಬರುವುದಿಲ್ಲ, ಬರಬೇಕೆಂದು ಹಟ ಹಿಡಿಯಬೇಡಿ. ಆರು ವಾರಕ್ಕೆ ಮುಗಿಯುವ ಸಣ್ಣ ಸರಣಿ ಮಾಡಿ. ಮೇ ತಿಂಗಳ ರಜಾ ಬೈಬಲ್ ಶಾಲೆಯನ್ನು ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿ. ಬೇವಿನ ನೆರಳಿದ್ದರೂ ನಮ್ಮ ಬಿಸಿಲಿಗೆ ಹನ್ನೊಂದರ ಮೇಲೆ ಯಾವ ತಲೆಗೂ ಏನೂ ಹೋಗದು. ನೀರಿನ ಕೊಡ ಮರೆಯಬೇಡಿ.

ಕಲಿತರೋ ಇಲ್ಲವೋ ಹೇಗೆ ತಿಳಿಯುವುದು?

ಕ್ವಿಜ್ ಇಟ್ಟರೆ ಯಾರ ನೆನಪು ಚುರುಕು ಎಂದು ತಿಳಿಯುತ್ತದೆ, ಅಷ್ಟೇ. ನಾನು ಕೊಡುವ ಮನೆಗೆಲಸ ಒಂದೇ: ಈ ವಾರದ ಕಥೆಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿ ಬನ್ನಿ, ಅವರು ಏನು ಕೇಳಿದರೆಂದು ನನಗೆ ಹೇಳಿ.

ಯೋನನ ಪುಸ್ತಕ ಮುಗಿಸಿದ ವಾರ ಐದನೇ ತರಗತಿಯ ಹುಡುಗಿ ಅದನ್ನು ಅಜ್ಜಿಗೆ ಹೇಳಿದ್ದಳು. ಮೀನಿನ ಹೊಟ್ಟೆ, ದೇವರು ಕ್ಷಮಿಸಿಬಿಟ್ಟ ನಿನೆವೆ ಪಟ್ಟಣ, ಒಣಗಿದ ಗಿಡ, ಸಿಟ್ಟು ಮಾಡಿಕೊಂಡು ಕೂತ ಯೋನ. ಲಕ್ಷದ ಇಪ್ಪತ್ತು ಸಾವಿರ ಜನ, ಅಷ್ಟೊಂದು ದನಕರು ಇರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂದು ದೇವರು ಕೇಳುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಯೋನನ ಉತ್ತರ ಅದರಲ್ಲಿಲ್ಲ. ಮುಂದಿನ ಭಾನುವಾರ ಚಪ್ಪಲಿ ಬಿಡುವ ಮೊದಲೇ ಅವಳು ಬಾಗಿಲಲ್ಲಿ ನಿಂತು ಕೇಳಿದಳು: 'ಟೀಚರ್, ಆಯಿ ರಾತ್ರಿಯೆಲ್ಲಾ ಕೇಳ್ಲತ್ತಿದ್ದಳ್ರಿ. ಆಮ್ಯಾಲ ಅಂವ ಏನಂದ?'